ಹುಳದ ಕಲೆಕ್ಟರು

ಅವರ ಎಡ ಮುಂಗೈ ಮೇಲೆ ಕಂದು ಬಣ್ಣದ ಪಟ್ಟೆಗಳಿದ್ದವು. ಕೆಲವು ಇನ್ನೂ ಕಪ್ಪಗಿದ್ದವು, ಕೆಲವು ಮಾಸುತ್ತ ಚರ್ಮದೊಳಗೆ ಇಂಗಿಹೋಗುತ್ತಿದ್ದವು. ಒಂದರ ಮೇಲೊಂದು ಅಡ್ಡಡ್ಡ ಬಿದ್ದು, ಬಣ್ಣ ಹೊಡೆಯುವವನು ಕುಂಚ ಒರೆಸಿದ ಹಲಗೆಯ ಹಾಗೆ ಕಾಣುತ್ತಿತ್ತು ಆ ಕೈ. ಬಲಗೈಯಲ್ಲಿ ಒಂದು ಕಲೆಯೂ ಇರಲಿಲ್ಲ. ಹೊಸ ಸೊಸೆಯಾಗಿ ತಲೆ ಬಗ್ಗಿಸಿಯೇ ಓಡಾಡುತ್ತಿದ್ದ ದಿನಗಳಲ್ಲಿ ನನಗೆ ಅವರ ಮುಖಕ್ಕಿಂತ ಮೊದಲು ಕಂಡದ್ದು ಆ ಎಡಗೈ. ಅದು ನಮ್ಮ ನಡುಮನೆಯ ಗೋಡೆಗೆ ಟಾರ್ಚು ಹಿಡಿದುಕೊಂಡಿತ್ತು. ಬಲಗೈಯಲ್ಲಿ ಒಂದು ಗಾಜಿನ ಕೊಳವೆ, ಅದಕ್ಕೆ ಸಿಕ್ಕಿಸಿದ ರಬ್ಬರ್ ನಳಿಗೆಯ ತುದಿ ಬಾಯಲ್ಲಿ. ಅವರು ಸರಕ್ಕನೆ ಉಸಿರೆಳೆದರೆ ಗೋಡೆಯ ಮೇಲೆ ಕೂತಿದ್ದ ಸೊಳ್ಳೆ ಕೊಳವೆಯೊಳಗೆ ಬಂದು ಬೀಳುತ್ತಿತ್ತು.

"ಗಾಬರಿಯಾಗ್ಬೇಡಿ ತಾಯಿ. ನಾನು ಮಲೇರಿಯಾ ಇಲಾಖೆಯವನು. ಇನ್ಸೆಕ್ಟ್ ಕಲೆಕ್ಟರ್," ಅಂದರು.

ಅಡುಗೆಮನೆಯಿಂದ ನಮ್ಮತ್ತೆ ನಕ್ಕರು. "ಜಿಲ್ಲೆಗೆ ಕಲೆಕ್ಟರ್ ಇರೋದು ಕೇಳಿದ್ವಿ. ಈಗ ಸೊಳ್ಳೆಗೂ ಒಬ್ರು ಬಂದ್ರು ನೋಡು."

ನಮ್ಮ ಬೀದಿಯಲ್ಲಿ ಎಲ್ಲರೂ ಅವರನ್ನು ಹುಳದ ಕಲೆಕ್ಟರು ಅಂತಲೇ ಕರೆಯುತ್ತಿದ್ದರು. ಅವರಿಗೆ ಅದರಿಂದ ಬೇಸರವಿರಲಿಲ್ಲ. ಪಕ್ಕದ ಮನೆಯ ಹಿತ್ತಲಲ್ಲಿ ಒಂದು ಒಂಟಿ ಕೋಣೆಯಿತ್ತು, ಅಲ್ಲಿ ಬಾಡಿಗೆಗಿದ್ದರು. ತಾವೇ ಅನ್ನ ಬೇಯಿಸಿಕೊಳ್ಳುತ್ತಿದ್ದರು, ತಾವೇ ಬಟ್ಟೆ ಒಗೆದುಕೊಳ್ಳುತ್ತಿದ್ದರು. ಐವತ್ತರ ಆಸುಪಾಸಿನ ಮನುಷ್ಯ. ಹೆಂಡತಿ ಮಕ್ಕಳ ಸುದ್ದಿ ಯಾರಿಗೂ ಗೊತ್ತಿರಲಿಲ್ಲ, ಕೇಳಿದರೆ ಅವರು ಮಾತು ಬದಲಾಯಿಸುತ್ತಿದ್ದರು.

ಜಯನಗರ ಆಗಿನ್ನೂ ಕಟ್ಟಿ ಮುಗಿದಿರಲಿಲ್ಲ. ನಾಲ್ಕು ಮನೆ, ಆಮೇಲೆ ಕಲ್ಲು ನೆಟ್ಟ ಖಾಲಿ ಸೈಟುಗಳ ಸಾಲು, ಮತ್ತೆ ಎರಡು ಮನೆ, ಹೀಗೆ. ನಮ್ಮ ಬೀದಿಯೇ ಕೊನೆಯದು. ಅದರಾಚೆಗೆ ರಾಗಿ ಹೊಲ, ತಗ್ಗಿನಲ್ಲಿ ಒಂದಿಷ್ಟು ಭತ್ತ, ಅದನ್ನು ದಾಟಿದರೆ ಯಡಿಯೂರು ಕೆರೆ. ಸಂಜೆ ದೀಪ ಹಾಕಿದರೆ ಸಾಕು, ಹೊಲದ ಹುಳವೆಲ್ಲ ನಮ್ಮ ಮನೆಗೆ ಬರುತ್ತಿತ್ತು. ಬಸವನಗುಡಿಯ ಹಳೇ ಬಾಡಿಗೆ ಮನೆಯಿಂದ ಬಂದಿದ್ದ ನಮ್ಮತ್ತೆಗೆ ಸ್ವಂತ ಮನೆಯ ಸಂತೋಷವೆಷ್ಟೋ ಈ ಹುಳಗಳ ಗೋಳೂ ಅಷ್ಟೇ.

ಕಲೆಕ್ಟರಿಗೆ ಕೆಲವು ವಿಚಿತ್ರ ಅಭ್ಯಾಸಗಳಿದ್ದವು. ಮೈಮೇಲೆ ಏನು ಕೂತರೂ ಕೈಯಿಂದ ಹೊಡೆಯುತ್ತಿರಲಿಲ್ಲ, ಬಾಯಿಂದ ಉಫ್ ಎಂದು ಊದುತ್ತಿದ್ದರು. ಟವೆಲ್ಲನ್ನು ಮೂರು ಸಲ ಕೊಡವದೆ ಹೆಗಲಿಗೆ ಹಾಕುತ್ತಿರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಕಾಟ ಬೀದಿಗೆಲ್ಲ ಹೆಚ್ಚಾಗುತ್ತಿತ್ತು. ಸಂಜೆಯಾದರೆ ಗೇಟಿನ ಹೊರಗೆ ನಿಂತು, "ಜಗಲಿ ಲೈಟ್ ಆರ್ಸಿ ತಾಯಿ, ಕಿಟಕಿ ಹಾಕ್ಕೊಳ್ಳಿ," ಅನ್ನುವರು. "ಹಾಸಿಗೆ ಕೊಡವಿ ಮಲಗ್ಸಿ ಮಕ್ಕಳನ್ನ," ಅನ್ನುವರು. ಎದುರು ಮನೆಯ ವಕೀಲರು ಒಮ್ಮೆ ರೇಗಿ, "ದುಡ್ಡು ಕೊಟ್ಟು ಕರೆಂಟ್ ಹಾಕಿಸಿರೋದು ಕತ್ತಲಲ್ಲಿ ಕೂರೋಕಾ ಕಲೆಕ್ಟ್ರೇ?" ಎಂದಿದ್ದರು. ಕಲೆಕ್ಟರು ತಲೆಯಾಡಿಸಿ ಮುಂದಿನ ಮನೆಗೆ ಹೋದರು. ಅಷ್ಟು ಮಾತ್ರಕ್ಕೆ ಬಿಡುವ ಜನವಲ್ಲ ಅವರು.

ನನಗೆ ಅವರ ಕೆಲಸ ನೋಡುವ ಆಸೆ. ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಓದುವ ಮನಸ್ಸಿದ್ದರೂ ಮದುವೆಯಾಗಿತ್ತು. ಹದಿನೈದು ದಿನಕ್ಕೊಮ್ಮೆ ಬೆಳಗ್ಗೆ ಅವರು ಗೋಡೆ ನೋಡಲು ಬಂದಾಗ ನಾನು ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆ. ಒಂದು ದಿನ ಅವರೇ ಭೂತಗನ್ನಡಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ದೂರ ಸರಿದು ನಿಂತರು. ನೋಡಿದೆ. ಸೊಳ್ಳೆಯ ರೆಕ್ಕೆಯ ಮೇಲೆ ಕಪ್ಪು ಬಿಳಿ ಮಚ್ಚೆಗಳು.

"ಇದು ಮಲೇರಿಯಾದ್ದಾ?" ಅಂದೆ.

"ನೀವೇನು ಕಂಡ್ರಿ ಅಷ್ಟು ಹೇಳಿ. ಇದು ಅದೇ ಅಂತ ತೀರ್ಮಾನ ಮಾಡೋಕೆ ಅವಸರ ಬೇಡ," ಅಂದರು. ಕೊಳವೆಯ ಬಾಯಿಗೆ ಹತ್ತಿ ತುರುಕುತ್ತ, "ಅವಸರ ಮಾಡಿದವರು ಕೆಟ್ಟಿದ್ದಾರೆ," ಎಂದೂ ಸೇರಿಸಿದರು. ಅದನ್ನು ನಾನು ಸೊಳ್ಳೆಯ ವಿಷಯವೆಂದುಕೊಂಡೆ.

ಅತ್ತೆಗೆ ಇದು ಹಿಡಿಸಲಿಲ್ಲ. "ಕಂಡ ಗಂಡಸ್ರ ಹತ್ರ ಏನೇ ಮಾತು ನಿಂದು?" ಎಂದರು. ಅಲ್ಲಿಂದ ಮುಂದೆ ಕಲೆಕ್ಟರು ಬಂದಾಗ ನಾನು ಹಿತ್ತಲಲ್ಲಿರುತ್ತಿದ್ದೆ.

ನಮ್ಮ ಮನೆಯಲ್ಲಿ ಆಗ ಇದ್ದದ್ದು ಅತ್ತೆ, ನಾನು, ನನ್ನ ಗಂಡ, ಓರಗಿತ್ತಿ ಮತ್ತು ಅವಳ ಎರಡೂವರೆ ವರ್ಷದ ಮಗಳು. ಮಾವ ತೀರಿಹೋಗಿದ್ದರು. ಭಾವನಿಗೆ ದೂರದೂರಿನಲ್ಲಿ ಕೆಲಸ, ತಿಂಗಳಿಗೊಮ್ಮೆ ಬರುತ್ತಿದ್ದರು. ಮಗುವಿಗೆ ನಾನೆಂದರೆ ಪ್ರಾಣ. ಹಿಂದಿನ ವರ್ಷ ನನಗೆ ಐದು ತಿಂಗಳಿಗೆ ಗರ್ಭ ಹೋಗಿತ್ತು. ಆಮೇಲೆ ನಾನು ಆ ಮಗುವನ್ನು ಹೆಚ್ಚು ಎತ್ತಿಕೊಳ್ಳತೊಡಗಿದೆ ಅಂತ ಕಾಣುತ್ತೆ. ಓರಗಿತ್ತಿ ಕೆಲವೊಮ್ಮೆ ನನ್ನ ಕೈಯಿಂದ ಅದನ್ನು ಕಿತ್ತುಕೊಂಡ ಹಾಗೆ ತೆಗೆದುಕೊಂಡು ಹೋಗುತ್ತಿದ್ದಳು. ಆಗ ನನಗೆ ಅದರ ಅರ್ಥ ಹೊಳೆದಿರಲಿಲ್ಲ.

ಗಣಪತಿ ಹಬ್ಬ ಕಳೆದು, ಎರಡು ವಾರ ಬಿಡದೆ ಹಿಡಿದಿದ್ದ ಮಳೆ ಆಗಷ್ಟೇ ನಿಂತಿದ್ದ ಸಮಯ. ಹನುಮಂತನಗರದಲ್ಲಿದ್ದ ತನ್ನ ತಾಯಿಗೆ ಜ್ವರ ಎಂದು ಓರಗಿತ್ತಿ ಹೊರಟಳು. ಮಗುವಿಗೂ ಅಂಟೀತೆಂದು ಅದನ್ನು ನನ್ನ ಬಳಿ ಬಿಟ್ಟಳು. ಕಲೆಕ್ಟರು ಆ ವಾರ ಊರಲ್ಲಿರಲಿಲ್ಲ, ಹಳ್ಳಿಗಳ ಕಡೆ ಕ್ಯಾಂಪ್ ಹೋಗಿದ್ದರು. ಜಗಲಿಯ ಲೈಟು ಆರಿಸಿ ಎನ್ನುವವರು ಯಾರೂ ಇರಲಿಲ್ಲ.

ಅವತ್ತು ಸಂಜೆ ಅನ್ನ ತಿಂದ ಮಗು ನಡುಮನೆಯ ಬಲ್ಬಿನ ಕೆಳಗೆ ಚಾಪೆಯ ಮೇಲೆ ಹಾಗೇ ನಿದ್ದೆ ಹೋಯಿತು. ಒಂದು ಕೈಯನ್ನು ಮಡಿಸಿ ಕತ್ತಿನ ಬಳಿ ಇಟ್ಟುಕೊಂಡಿತ್ತು. ಅದರ ಕತ್ತಿನ ಮೇಲೆ ಇರುವೆಯಂಥದೇನೋ ಹರಿದಾಡುವುದು ಕಂಡಿತು. ಉದ್ದಕ್ಕೆ, ಕೆಂಪಗೆ ಇತ್ತು. ಸೆರಗಿನ ತುದಿಯಿಂದ ಒರೆಸಿ ಹಾಕಿದೆ. ಮಡಿಸಿದ ಕೈಯ ಬಳಿ ಇನ್ನೊಂದಿತ್ತು, ಅದನ್ನೂ ಒರೆಸಿದೆ. ಮಗುವನ್ನೆತ್ತಿ ಒಳಗೆ ಮಲಗಿಸಿದೆ. ಅಷ್ಟೇ ನಡೆದದ್ದು.

ಮರುದಿನವೆಲ್ಲ ಏನೂ ಇರಲಿಲ್ಲ. ಮೂರನೆಯ ದಿನ ಬೆಳಗ್ಗೆ ನೀರು ಹಾಕುವಾಗ ಮಗು ಚಿಟ್ಟನೆ ಚೀರಿತು. ಕಿವಿಯ ಕೆಳಗಿನಿಂದ ಕತ್ತಿನವರೆಗೆ ಬೆರಳಗಲದ ಕೆಂಪು ಗೆರೆ. ಮೊಣಕೈಯ ಒಳಮಡಿಕೆಯಲ್ಲೂ ಹಾಗೇ. ಮಧ್ಯಾಹ್ನದ ಹೊತ್ತಿಗೆ ಗೆರೆಯುದ್ದಕ್ಕೂ ಸಣ್ಣ ಸಣ್ಣ ಬೊಕ್ಕೆ ಎದ್ದು ನೀರು ತುಂಬಿಕೊಂಡಿತು. ಅತ್ತೆ ಮೊದಲು ಸರ್ಪಸುತ್ತು ಎಂದು ಕೆಮ್ಮಣ್ಣು ಕಲಸಿ ಬಳಿದರು. ಮಗು "ಉರಿ, ಉರಿ" ಎಂದು ಹೊರಳಾಡಿತು. ಅಷ್ಟರಲ್ಲಿ ಓರಗಿತ್ತಿ ಬಂದಳು. ಡಾಕ್ಟರ ಬಳಿಗೆ ಓಡಿದೆವು. ಡಾಕ್ಟರು ಕತ್ತು ನೋಡಿ, "ಬಿಸಿ ಏನಾದ್ರೂ ತಾಗಿಸಿದ್ರಾ? ಸುಟ್ಟ ಹಾಗಿದೆಯಲ್ಲ," ಅಂದರು.

ಆ ಒಂದು ಮಾತು ಸಾಕಾಯಿತು.

ಮನೆಗೆ ಬಂದ ಮೇಲೆ ಓರಗಿತ್ತಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳಿದಳು. "ಯಾರು ಕಂದ ಉರಿ ಮಾಡಿದ್ದು?"

ಮಗು ನನ್ನ ಕಡೆ ಕೈ ಚಾಚಿ, "ಚಿಕ್ಕಮ್ಮ," ಅಂದಿತು.

ಅದು ಎಲ್ಲ ಪ್ರಶ್ನೆಗೂ ಚಿಕ್ಕಮ್ಮ ಎಂದೇ ಉತ್ತರ ಕೊಡುತ್ತಿತ್ತು. ಯಾರು ತುತ್ತು ತಿನ್ನಿಸಿದ್ದು, ಯಾರು ಜಡೆ ಹಾಕಿದ್ದು ಎಂದರೂ ಚಿಕ್ಕಮ್ಮ. ನಾನದನ್ನು ಹೇಳಬೇಕೆಂದು ಬಾಯಿ ತೆರೆದೆ. ಅತ್ತೆ ನನ್ನ ಮಣಿಕಟ್ಟು ಹಿಡಿದು ಬೆಳಕಿಗೆ ಎಳೆದರು. ಅಲ್ಲೊಂದು ಕಡಲೆಕಾಳಿನಷ್ಟು ಬೊಕ್ಕೆ ಎದ್ದಿತ್ತು. ನಾನು ಅದನ್ನು ಒಲೆಯ ಕಿಡಿ ಸಿಡಿದದ್ದು ಎಂದುಕೊಂಡು ಮರೆತಿದ್ದೆ.

"ಬರೆ ಎಳೆಯುವಾಗ ನಿನ್ನ ಕೈಗೂ ತಾಗ್ತಾ?" ಅಂದರು ಅತ್ತೆ. ಕೂಗಲಿಲ್ಲ. ಮೆಲ್ಲಗೆ ಅಂದರು.

"ತನ್ನದು ಉಳೀಲಿಲ್ಲ ಅಂತ ನನ್ನ ಮಗೂನ ಸುಟ್ಟಳು ಅತ್ತೆ," ಎಂದು ಓರಗಿತ್ತಿ ಅಳತೊಡಗಿದಳು.

ಸಂಜೆ ಆಫೀಸಿನಿಂದ ಬಂದ ನನ್ನ ಗಂಡ ಎಲ್ಲವನ್ನೂ ಕೇಳಿಸಿಕೊಂಡರು. ಕೋಣೆಗೆ ಬಂದು ಬಾಗಿಲಲ್ಲೇ ನಿಂತು, "ನಿಜ ಹೇಳ್ಬಿಡು. ಬೈಯಲ್ಲ," ಅಂದರು. ಬೈದಿದ್ದರೆ, ಹೊಡೆದಿದ್ದರೆ ಅಷ್ಟು ನೋಯುತ್ತಿರಲಿಲ್ಲವೇನೋ. ಅವರು ಆಗಲೇ ನನ್ನನ್ನು ಕ್ಷಮಿಸಲು ಸಿದ್ಧರಾಗಿ ನಿಂತಿದ್ದರು.

ಅಡುಗೆಮನೆಗೆ ಬರಬೇಡ ಎಂದಾಯಿತು. ಮಗುವನ್ನು ಮುಟ್ಟಬೇಡ ಎಂದಾಯಿತು. ಮಗು ನನ್ನ ಕೋಣೆಯ ಬಾಗಿಲು ತಟ್ಟಿ "ಚಿಕ್ಕಮ್ಮ" ಎಂದು ಕರೆದರೆ ಎತ್ತಿಕೊಂಡು ಹೋಗುತ್ತಿದ್ದರು. ಬಂದು ಮಗಳನ್ನು ಕರೆದುಕೊಂಡು ಹೋಗಿ ಎಂದು ತುಮಕೂರಿನಲ್ಲಿದ್ದ ನನ್ನ ತಂದೆಗೆ ಕಾಗದ ಬರೆದರು. ಕರೆದುಕೊಂಡು ಹೋಗಿ ಎಂದರೆ ಮತ್ತೆ ಕಳಿಸಬೇಡಿ ಎಂದರ್ಥ. ನನ್ನ ಕೆಳಗೆ ಇನ್ನಿಬ್ಬರು ತಂಗಿಯರಿದ್ದರು. ಮಗುವಿಗೆ ಬರೆ ಹಾಕಿ ವಾಪಸು ಬಂದವಳ ತಂಗಿಯರನ್ನು ಯಾರು ಮದುವೆಯಾಗುತ್ತಾರೆ? ಹಿತ್ತಲಲ್ಲಿ ನಮ್ಮದೊಂದು ಬಾವಿಯಿತ್ತು. ಹಗಲು ಹೊತ್ತಿನಲ್ಲೇ, ಬಟ್ಟೆ ಒಗೆಯುವ ನೆಪದಲ್ಲಿ, ನಾನು ಅದರ ಕಟ್ಟೆಯ ಮೇಲೆ ಬಹಳ ಹೊತ್ತು ಕೂರುತ್ತಿದ್ದೆ. ಮಳೆಗೆ ನೀರು ಮೇಲೆ ಬಂದಿತ್ತು, ಕೈ ಚಾಚಿದರೆ ಸಿಗುವಷ್ಟು. ಬರೆಯುತ್ತಿರುವ ಈ ಹೊತ್ತಿಗೂ ಆ ನೀರಿನ ಬಣ್ಣ ನನಗೆ ನೆನಪಿದೆ.

ಡಾಕ್ಟರ ಬಳಿ ಹೋಗಿಬಂದ ಐದನೆಯ ದಿನ ಬೆಳಗ್ಗೆ ಕಲೆಕ್ಟರು ಗೋಡೆ ನೋಡಲು ಬಂದರು. ಕ್ಯಾಂಪಿನಿಂದ ಹಿಂದಿನ ದಿನವಷ್ಟೇ ಬಂದಿದ್ದರಂತೆ. ಓರಗಿತ್ತಿ ಜಗಲಿಯಲ್ಲಿ ಮಗುವನ್ನು ಕೂರಿಸಿಕೊಂಡು ಕತ್ತಿಗೆ ಮುಲಾಮು ಹಚ್ಚುತ್ತಿದ್ದಳು. ನಾನು ನನ್ನ ಕೋಣೆಯ ಕಿಟಕಿಯಿಂದ ನೋಡುತ್ತಿದ್ದೆ. ಅವರು ಮೆಟ್ಟಿಲ ಮೇಲೆ ಕಾಲಿಟ್ಟವರು ಹಾಗೇ ನಿಂತುಬಿಟ್ಟರು. ಕೈಯಲ್ಲಿದ್ದ ಸಾಮಾನಿನ ಚೀಲವನ್ನು ನಿಧಾನವಾಗಿ ಕೆಳಗಿಟ್ಟರು.

"ಇದು ಯಾವಾಗಾಯ್ತು?" ಅಂದರು.

"ಯಾವಾಗಾದ್ರೇನು, ಯಾರು ಮಾಡಿದ್ದು ಅಂತ ಕೇಳಿ," ಅಂದಳು ಓರಗಿತ್ತಿ.

"ಯಾರ ಹೆಸರು ಹೇಳಿದ್ರಿ?" ಎಂದು ಅವರು ಕೇಳಿದ ರೀತಿಗೆ ಅತ್ತೆ ಕೂಡ ಹೊರಗೆ ಬಂದರು. ನನ್ನ ಗಂಡ ಆಫೀಸಿಗೆ ಹೊರಟಿದ್ದವರು ನಿಂತರು.

ವಿಷಯ ಕೇಳಿದ ಮೇಲೆ ಕಲೆಕ್ಟರು ಮೆಟ್ಟಿಲ ಮೇಲೆಯೇ ಕೂತರು. "ಮಗೂನ ಮುಟ್ಟಲ್ಲ. ನೀವೇ ಅದರ ಕೈ ಬಿಡಿಸಿ ತೋರ್ಸಿ," ಅಂದರು. ಓರಗಿತ್ತಿ ಒಲ್ಲದ ಮನಸ್ಸಿನಿಂದ ಬಿಡಿಸಿದಳು. ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಮಡಿಕೆಯ ಮೇಲೊಂದು ಕಲೆ, ಕೆಳಗೊಂದು ಕಲೆ. ಎರಡೂ ಒಂದೇ ಆಕಾರ. ಕೈ ಮಡಿಸಿದ್ರೆ ಒಂದರ ಮೇಲೊಂದು ಕೂರುತ್ತೆ. ಕಾದ ಸೌಟು ಇಟ್ಟರೆ ಹೀಗೆ ಬೀಳುತ್ತಾ ಅಮ್ಮ? ಹಸಿ ಬಣ್ಣ ಹಚ್ಚಿದ ಕಾಗದ ಮಡಿಸಿದ ಹಾಗಿದೆ. ಯಾವುದೋ ರಸ ಒಂದು ಕಡೆ ತಾಗಿ, ಮಡಿಸಿದಾಗ ಇನ್ನೊಂದು ಕಡೆಗೂ ಅಂಟಿದೆ."

ಆಮೇಲೆ ಕಿಟಕಿಯ ಕಡೆ ತಿರುಗಿದರು. ನಾನಲ್ಲಿರುವುದು ಅವರಿಗೆ ಗೊತ್ತಿತ್ತು. "ತಾಯಿ, ಮಗು ಮೈಮೇಲಿಂದ ಏನಾದ್ರೂ ಒರೆಸಿದ್ರಾ?"

"ಇರುವೆ... ಎರಡು ಇರುವೆ," ಅಂದೆ. ಐದು ದಿನದಲ್ಲಿ ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ.

"ಹೇಗಿದ್ವು? ಕಂಡಷ್ಟೇ ಹೇಳಿ."

"ಉದ್ದಕ್ಕೆ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ತಲೆ ಕಪ್ಪು, ಕತ್ತು ಕೆಂಪು. ನಡುವೆ ನೀಲಿಯೋ ಹಸಿರೋ ಹೊಳೀತಿತ್ತು. ಹಿಂದೆ ಮತ್ತೆ ಕೆಂಪು. ಮುಟ್ಟೋಕೆ ಹೋದ್ರೆ ಬಾಲ ಮೇಲೆತ್ತಿತು."

ಅವರು ಕಣ್ಣು ಮುಚ್ಚಿಕೊಂಡರು. "ಅದು ಇರುವೆಯಲ್ಲ. ದುಂಬಿಯ ಜಾತಿ. ಬೆನ್ನ ಮೇಲಿನ ಚಿಪ್ಪು ಗಿಡ್ಡ, ಅಂಗಿ ಚಿಕ್ಕದಾದ ಹಾಗೆ, ಹೊಟ್ಟೆ ಎಲ್ಲ ಹೊರಗೆ. ಕೆರೆಯಂಚಲ್ಲಿ, ಗದ್ದೇಲಿ ಇರುತ್ತೆ. ಮಳೆ ಬಿಟ್ಟ ಮೇಲೆ ದೀಪಕ್ಕೆ ಬರುತ್ತೆ. ಕಚ್ಚಲ್ಲ, ಕುಟುಕಲ್ಲ. ಮೈಮೇಲೆ ಅರೆದುಹೋದರೆ ಅದರ ರಸ ಸುಡುತ್ತೆ. ಅದೂ ತಕ್ಷಣ ಅಲ್ಲ, ಒಂದೆರಡು ದಿನ ಬಿಟ್ಟು. ಅಷ್ಟೊತ್ತಿಗೆ ಹುಳ ಯಾರಿಗೆ ನೆನಪಿರುತ್ತೆ?"

"ಡಾಕ್ಟ್ರಿಗೆ ಗೊತ್ತಿಲ್ಲದ್ದು ನಿಮಗೆ ಗೊತ್ತಾ?" ಅಂದಳು ಓರಗಿತ್ತಿ.

ಅವರು ಎಡಗೈ ಚಾಚಿ ಪಟ್ಟೆಗಳನ್ನು ತೋರಿಸಿದರು. "ಇದೆಲ್ಲ ಅದರದ್ದೇ."

"ಒಂಟಿ ಗಂಡಸು, ಒಲೆ ಮುಂದೆ ಕೂರ್ತೀರ. ಯಾವುದರದ್ದೋ ಯಾರಿಗೆ ಗೊತ್ತು?" ಎಂದು ಅತ್ತೆ ಮುಖ ತಿರುಗಿಸಿದರು. "ಅದಿರ್ಲಿ, ನಮ್ಮ ಸೊಸೆ ವಿಷಯದಲ್ಲಿ ನಿಮಗೇನು ಇಷ್ಟು ಆಸ್ಥೆ?"

ಆ ಮಾತಿನ ಕೊಂಕು ಎಲ್ಲರಿಗೂ ಗೊತ್ತಾಯಿತು. ನನ್ನ ಗಂಡ ತಲೆ ತಗ್ಗಿಸಿದರು. ಕಲೆಕ್ಟರು ಎದ್ದು ಹೋಗುತ್ತಾರೆ ಎಂದುಕೊಂಡೆ. ಹೋಗಿದ್ದರೆ ನನ್ನ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಎದ್ದು ನಿಂತರು, ಆದರೆ ಹೋಗಲಿಲ್ಲ. ಕೈಕಟ್ಟಿ ನಿಂತು, ಪಾಠ ಒಪ್ಪಿಸುವವರ ಹಾಗೆ ಹೇಳಿದರು.

"ನನಗೂ ಹೆಂಡತಿ ಇದ್ದಳಮ್ಮ. ಮಂಡ್ಯದ ಕಡೆ ನಾಲೆ ಪಕ್ಕ ಕ್ವಾರ್ಟರ್ಸಲ್ಲಿದ್ವಿ, ಸುತ್ತ ಗದ್ದೆ. ನನ್ನ ತಂಗಿ ಸತ್ತಿದ್ದಳು, ಅವಳ ಮಗಳನ್ನ ನಾವೇ ಸಾಕ್ತಿದ್ವಿ. ನಾಲ್ಕು ವರ್ಷದ್ದು. ಒಂದು ದಿನ ಕೆಲಸ ಮುಗಿಸಿ ಬಂದೆ, ಮಗು ಕತ್ತಲ್ಲಿ ಇಂಥದೇ ಗೆರೆ. ಪರರ ಮಗು ಅಂತ ಸುಟ್ಟೆಯಾ ಅಂದೆ. ಇಲ್ಲ ಅಂದಳು. ಹೊಡೆದೆ. ಆಗ್ಲೂ ಇಲ್ಲ ಅಂದಳು. ಅವಳ ಅಣ್ಣನ ಮನೆಗೆ ಕಳಿಸ್ದೆ. ಅವರು ನಾಲ್ಕನೇ ದಿನಕ್ಕೆ ವಾಪಸ್ ಕಳಿಸಿದ್ರು. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಬಾಗಿಲ ಹೊರಗೆ ನಿಂತಿದ್ದಳು. ನಾನು ಒಳಗೇ ಇದ್ದೆ. ಬಾಗಿಲು ತೆಗೀಲಿಲ್ಲ. ಆಮೇಲೆ ನೋಡ್ತೀನಿ, ಇಲ್ಲ. ನಾಲೇಲಿ ಮೂರು ಮೈಲಿ ಕೆಳಗೆ ಸಿಕ್ಕಿದಳು."

ಮಗು ಮುಲಾಮಿನ ಡಬ್ಬಿಯ ಮುಚ್ಚಳ ಹಿಡಿದು ಆಡುತ್ತಿತ್ತು.

"ಮಗೂನ ಅದರಪ್ಪ ಕರ್ಕೊಂಡು ಹೋದ. ಮುಂದಿನ ವರ್ಷ ಅದೇ ಮನೇಲಿ ನನ್ನ ಕತ್ತಿಗೇ ಆಯ್ತು. ಮಲಗಿದ್ದಾಗ ಏನೋ ಹರಿದಾಡ್ತು ಅಂತ ಉಜ್ಜಿದ್ದೆ, ಬೆಳಗ್ಗೆ ದಿಂಬಿನ ಮೇಲೆ ಸತ್ತ ಹುಳ ಇತ್ತು. ಎರಡು ದಿನಕ್ಕೆ ಗೆರೆ ಎದ್ದಿತು. ಹುಳಾನ ಲ್ಯಾಬಿಗೆ ತಗೊಂಡು ಹೋದೆ, ಅಲ್ಲಿನ ಆಫೀಸರು ನೋಡಿ ಹೇಳಿದ್ರು. ಹುಳ ಹಿಡಿಯೋದೇ ನನ್ನ ಕೆಲಸ ಅಮ್ಮ. ದಿನಾ ಬೆಳಗ್ಗೆ ನಮ್ಮನೆ ಗೋಡೆಗೆ ನಾನೇ ಟಾರ್ಚ್ ಹಾಕ್ತಿದ್ದೆ. ಆ ಹುಳಾನ ಎಷ್ಟು ಸಲ ನೋಡಿಲ್ಲ? ಸೊಳ್ಳೆ ಅಲ್ವಲ್ಲ ಅಂತ ಬಿಟ್ಟುಬಿಡ್ತಿದ್ದೆ."

ಅವರು ಅತ್ತೆಯ ಮುಖ ನೋಡಿದರು. "ಈಗ ಕೇಳಿದ್ರಲ್ಲ, ಏನು ಆಸ್ಥೆ ಅಂತ. ಇದೇ ಆಸ್ಥೆ. ಮೂರು ದಿನ ಕೊಡಿ. ಅಲ್ಲಿವರೆಗೆ ಆ ಹುಡುಗೀನ ಮನೆಯಿಂದ ಕಳಿಸ್ಬೇಡಿ. ಬಾವಿ ಹತ್ರಾನೂ ಬಿಡ್ಬೇಡಿ."

ಅಂದು ಸಂಜೆ ಅವರ ಮಾತಿನಂತೆ ನಡುಮನೆಯ ಬಲ್ಬು ಹಾಕಿ ಕಿಟಕಿ ತೆರೆದಿಟ್ಟೆವು. ಬೆಳಕಿನ ಸುತ್ತ ರೆಕ್ಕೆಯಿರುವೆ, ಪತಂಗ, ಜೀರುಂಡೆ ಸೇರಿದವು. ಅವರು ಗೋಡೆಯ ಬುಡದಲ್ಲಿ ಕುಕ್ಕುರುಗಾಲಲ್ಲಿ ಕೂತು ಒಂದೊಂದನ್ನೂ ನೋಡಿದರು. ಮುಕ್ಕಾಲು ಗಂಟೆಯಾದ ಮೇಲೆ ಕೊಳವೆಯನ್ನು ಎತ್ತಿ ಹಿಡಿದರು. ಕೆಂಪು, ಕಪ್ಪು, ನಡುವೆ ನೀಲಿ ಹೊಳಪು. ಬಾಲ ಎತ್ತಿಕೊಂಡು ಗಾಜಿನೊಳಗೆ ಮೇಲೂ ಕೆಳಗೂ ಓಡುತ್ತಿತ್ತು. ನನ್ನನ್ನು ಕೋಣೆಯಿಂದ ಕರೆಸಿ ಕೇಳಿದರು, "ಇದೇನಾ?"

"ಇದೇ," ಅಂದೆ. ಇಷ್ಟು ಚಂದದ ಹುಳ ಎಂದು ಆ ಸ್ಥಿತಿಯಲ್ಲೂ ಅನ್ನಿಸಿತು.

ಎಲ್ಲರ ಎದುರಿಗೆ ಅವರು ಕೊಳವೆಯನ್ನು ಕೈಮೇಲೆ ಬಗ್ಗಿಸಿದರು. ಈ ಸಲ ಎಡಗೈಯಲ್ಲ. ಕಲೆಯಿಲ್ಲದ ಬಲಗೈಯ ಮೊಣಕೈ ಮಡಿಕೆಯ ಪಕ್ಕದಲ್ಲಿ. ಒಂದು ಬಟ್ಟೆಯಿಂದ ಹುಳವನ್ನು ಒತ್ತಿ ಎಳೆದರು. ಎಡಗೈಯ ಪಟ್ಟೆಗಳನ್ನೂ ಅವರು ವರ್ಷಾ ವರ್ಷ ಹೀಗೇ ತಾವೇ ಎಳೆದುಕೊಂಡದ್ದೆಂದು ನನಗೆ ಆಗ ಹೊಳೆಯಿತು. ಕೈ ಮಡಿಸಿ, ಮಡಿಸಿದ ಹಾಗೇ ಹಿಡಿದುಕೊಂಡರು. "ನಾಡಿದ್ದು ಬೆಳಗ್ಗೆ ಬರ್ತೀನಿ," ಎಂದು ಹೋದರು.

ಮರುದಿನ ನನ್ನ ತಂದೆ ಬಂದರು. ಅತ್ತೆ ಅವರನ್ನು ಜಗಲಿಯಲ್ಲಿ ಕೂರಿಸಿ, ನಾಳೆಯವರೆಗೆ ನೋಡೋಣ ಎಂದರು. ನನ್ನ ತಂದೆ ಒಳ್ಳೆಯವರು, ಸಾಧು. ಹಿತ್ತಲಿಗೆ ಬಂದು ನನ್ನ ತಲೆ ಸವರಿ, "ಕೋಪದಲ್ಲಿ ಏನಾದ್ರೂ ಆಗಿದ್ರೆ ಅತ್ತೆ ಕಾಲಿಗೆ ಬಿದ್ದುಬಿಡಮ್ಮ," ಅಂದರು. ಹೆತ್ತ ತಂದೆಯೇ ಹಾಗಂದ ಮೇಲೆ ಈ ಪ್ರಪಂಚದಲ್ಲಿ ನನ್ನನ್ನು ನಂಬಿದವರು ಒಬ್ಬರೇ ಉಳಿದರು. ಅವರೋ ತಮ್ಮ ಹೆಂಡತಿಯನ್ನು ನಂಬದಿದ್ದವರು.

ಮೂರನೆಯ ಬೆಳಗ್ಗೆ ಕಲೆಕ್ಟರು ಬಂದು ಬಲಗೈ ಬಿಡಿಸಿ ತೋರಿಸಿದರು. ಮಡಿಕೆಯ ಮೇಲೊಂದು ಗೆರೆ, ಕೆಳಗೊಂದು ಗೆರೆ. ಎರಡರ ಮೇಲೂ ಬೊಕ್ಕೆಗಳು. ಓರಗಿತ್ತಿ ಮಗುವಿನ ಕೈಯನ್ನು ಅದರ ಪಕ್ಕ ಹಿಡಿದು ನೋಡಿದಳು, ಮತ್ತೆ ಮತ್ತೆ ನೋಡಿದಳು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅತ್ತೆ ನನ್ನ ಕಡೆ ನೋಡದೆ, "ನಿಮ್ಮಪ್ಪಂಗೂ ಅವರಿಗೂ ಕಾಫಿ ಮಾಡು," ಅಂದರು.

ಅಷ್ಟೇ. ನಾನು ಅಡುಗೆಮನೆಗೆ ಹೋದೆ. ಹಾಲು ಒಲೆಗಿಟ್ಟೆ. ಕಾಫಿ ಹಿಡಿದು ಹೊರಗೆ ಬಂದಾಗ ಕಲೆಕ್ಟರು ಹೊರಟುಹೋಗಿದ್ದರು.

ಕ್ಷಮಿಸು ಎಂದು ಯಾರೂ ನನ್ನನ್ನು ಕೇಳಲಿಲ್ಲ. "ನಾನೇನು ನಿಜವಾಗ್ಲೂ ನಂಬಿರ್ಲಿಲ್ಲ," ಎಂದು ನನ್ನ ಗಂಡ ಎರಡು ಮೂರು ಸಲ ಹೇಳಿದರು. ಮಗುವಿನ ಕಲೆಗಳು ಕಪ್ಪಾಗಿ, ಮಾಸಿ, ಮೂರು ತಿಂಗಳಿಗೆ ಹೋದವು. ಓರಗಿತ್ತಿ ಒಂದು ದಿನ ಮಾತಿಲ್ಲದೆ ಮಗುವನ್ನು ತಂದು ನನ್ನ ತೊಡೆಯ ಮೇಲೆ ಕೂರಿಸಿ ಹೋದಳು. ಬೀದಿಯಲ್ಲಿ ಮಾತ್ರ ಒಂದು ಬದಲಾವಣೆಯಾಯಿತು. ಹೆಂಡತಿ ನಾಲೆಗೆ ಬಿದ್ದ ಕತೆ ಹೇಗೋ ಮನೆಯಿಂದ ಮನೆಗೆ ಹರಡಿತು. ಸಂಜೆ ಅವರು ಗೇಟಿನ ಬಳಿ ಬಂದರೆ ಹೆಂಗಸರು ಒಳಗೆ ಸರಿಯತೊಡಗಿದರು. ವಕೀಲರ ಮನೆಯವರು ಗೋಡೆ ನೋಡಲು ಬರಬೇಡಿ ಎಂದರು. ನನ್ನನ್ನು ಉಳಿಸಲು ಅವರು ತೆತ್ತದ್ದು ಅದು, ತಮ್ಮ ಮರ್ಯಾದೆ. ಆದರೂ ಅವರು ಲೈಟು ಆರಿಸಿ ಎನ್ನುವುದನ್ನು ಬಿಡಲಿಲ್ಲ. ಒಳಗಿನಿಂದ ಉತ್ತರ ಬರಲಿ ಬಿಡಲಿ, ಕೂಗಿ ಹೋಗುತ್ತಿದ್ದರು.

ನನಗೆ ಮಕ್ಕಳಾದವು. ಹೊಲಗಳೆಲ್ಲ ಸೈಟುಗಳಾದವು, ಸೈಟುಗಳು ಮನೆಗಳಾದವು. ಕಲೆಕ್ಟರು ನಿವೃತ್ತರಾಗಿ ಅದೇ ಕೋಣೆಯಲ್ಲಿ ಉಳಿದರು. ಅರವತ್ತರ ದಶಕ ಮುಗಿಯುತ್ತ ಬಂದಾಗ ಕಾಯಿಲೆ ಬಿದ್ದು ಸರ್ಕಾರಿ ಆಸ್ಪತ್ರೆ ಸೇರಿದರು. ಯಾರೂ ನೋಡಲು ಹೋಗುತ್ತಿರಲಿಲ್ಲ. ನಾನು ಗಂಜಿ ತೆಗೆದುಕೊಂಡು ದಿನ ಬಿಟ್ಟು ದಿನ ಮಧ್ಯಾಹ್ನದ ಬಸ್ಸಿಗೆ ಹೋಗಿಬರುತ್ತಿದ್ದೆ. ಅತ್ತೆ ಆಗ ಬೇಡವೆನ್ನಲಿಲ್ಲ. ಒಂದು ದಿನ ತಾವೇ ಗಂಜಿ ಸೋಸಿ ಡಬ್ಬಿಗೆ ಹಾಕಿಕೊಟ್ಟರು.

ಕೊನೆಯ ಸಲ ಹೋದಾಗ ಅವರಿಗೆ ಗಂಜಿ ಕುಡಿಯಲಾಗಲಿಲ್ಲ. ಚಮಚೆ ದೂರ ಸರಿಸಿ, "ಒಂದು ಮಾತು ಕೇಳ್ಲಾ ತಾಯಿ?" ಅಂದರು.

"ಕೇಳಿ."

"ಅವಳ ಜಾಗದಲ್ಲಿ ನೀವು ನಿಂತಿದ್ರಿ. ಅದು ನಿಮಗೊಬ್ರಿಗೇ ಗೊತ್ತು. ನೀವೇ ಅವಳಾಗಿದ್ದು, ನಾನು ಬಂದು ಕೇಳ್ಕೊಂಡಿದ್ರೆ, ಕ್ಷಮಿಸ್ತಿದ್ರಾ?"

ಸಾಯುತ್ತಿರುವ ಮನುಷ್ಯ. ಹೂಂ ಎನ್ನುವುದು ಎಷ್ಟು ಸುಲಭ. ನನ್ನ ಪ್ರಾಣ ಉಳಿಸಿದವರು. ಅವರಿಗೆ ಒಂದು ಹೂಂ ಕೊಡಲಾರದಷ್ಟು ಕಟುಕಳೇ ನಾನು? ಬಾಯಿಗೆ ಬಂದಿತ್ತು. ಆಗ ಮುಚ್ಚಿದ ಬಾಗಿಲ ಹೊರಗೆ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ನಿಂತಿದ್ದವಳು ನನ್ನ ಪಕ್ಕದಲ್ಲೇ ಬಂದು ನಿಂತ ಹಾಗಾಯಿತು.

"ಇಲ್ಲ," ಅಂದೆ.

ಅವರು ನನ್ನನ್ನೇ ನೋಡಿದರು. ಮುಖದಲ್ಲಿ ನೋವೇನೂ ಕಾಣಲಿಲ್ಲ. "ಇಷ್ಟು ವರ್ಷದಲ್ಲಿ ಆಫೀಸಿನ ಒಬ್ಬಿಬ್ರ ಹತ್ರ ಹೇಳ್ಕೊಂಡಿದ್ದೆ, ಅವರೆಲ್ಲ ಆಗಿದ್ದಾಯ್ತು ಬಿಡಿ, ಹುಳದ ತಪ್ಪು ಅಂದ್ರು," ಎಂದರು. "ಅವಳ ಪರವಾಗಿ ಒಬ್ರೂ ಮಾತಾಡಿರ್ಲಿಲ್ಲ."

ಆಮೇಲೆ ಕಣ್ಣು ಮುಚ್ಚಿಕೊಂಡರು. ನಾನು ಬಸ್ಸಿನ ಹೊತ್ತಾಗುವವರೆಗೆ ಅವರ ಕೈ ಹಿಡಿದು ಕೂತಿದ್ದೆ. ಮೂರನೆಯ ದಿನ ಹೋದಾಗ ಮಂಚ ಖಾಲಿಯಾಗಿತ್ತು. ಕ್ರಿಯೆಗಳನ್ನು ನನ್ನ ಗಂಡ ಮುಂದೆ ನಿಂತು ಮಾಡಿಸಿದರು.

ನಾನು ಈ ಮನೆಯಲ್ಲಿ ಬಾಳಿದ್ದು, ನನ್ನ ತಂಗಿಯರಿಗೆ ಮದುವೆಯಾದದ್ದು, ನನ್ನ ಮಕ್ಕಳು ಹುಟ್ಟಿದ್ದು ಎಲ್ಲ ಅವರಿಂದ. ಅಂಥವರಿಗೆ ಕೊನೆಗಾಲದಲ್ಲಿ ನಾನು ಕೊಟ್ಟದ್ದು ಒಂದು ಇಲ್ಲ ಎಂಬ ಮಾತು. ಅವರ ನೆನಪಾದಾಗಲೆಲ್ಲ ಎದೆ ಭಾರವಾಗುತ್ತದೆ. ಆದರೂ ಇವತ್ತು ಅವರು ಎದುರು ಬಂದು ಮತ್ತೆ ಕೇಳಿದರೆ, ಕೈ ಹಿಡಿದುಕೊಂಡು ಅದನ್ನೇ ಹೇಳುತ್ತೇನೆ.